ನೀಲಿ ಹಾಕದ ವಾರ

ಊರಿನ ಬಟ್ಟೆ ಬೇಯಿಸುವ ಉಬ್ಬೆಯ ಹಬೆಗೆ ಒಂದು ವಾಸನೆ ಇತ್ತು. ಸವಳು ಮಣ್ಣು, ಕಟ್ಟಿಗೆಯ ಬೂದಿ, ಇಡೀ ಊರಿನ ಬೆವರು, ಈ ಮೂರೂ ಒಂದೇ ಹಂಡೆಯ ಮೇಲೆ ಬೆಂದರೆ ಬರುವ ವಾಸನೆ. ಸೋಮವಾರ ಬೆಳಿಗ್ಗೆ ಕೆರೆಯ ಕಡೆಯಿಂದ ಅದು ಬಂತೆಂದರೆ ನಾವು ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು, ಬೆರಳ ಸಂದಿಯಿಂದ ಮತ್ತೆ ಮತ್ತೆ ಮೂಸುತ್ತಲೂ ಇದ್ದೆವು. ಈಗ ನನಗೆ ಎಪ್ಪತ್ತೆಂಟು. ಮನೆಯಲ್ಲಿ ಬಟ್ಟೆ ಒಗೆಯುವ ಮೆಶಿನ್ ಇದೆ. ಆದರೂ ಕುಕ್ಕರಿನ ಹಬೆ ಮುಖಕ್ಕೆ ಬಡಿದಾಗ ಒಮ್ಮೊಮ್ಮೆ ಆ ವಾಸನೆ ಎಲ್ಲಿಂದಲೋ ಎದ್ದು ಬರುತ್ತದೆ. ಅದರ ಬೆನ್ನಿಗೇ ಹುರುಳಿ ಸಾರಿನ ವಾಸನೆ. ನನ್ನ ಪಾಲಿಗೆ ಅವೆರಡೂ ಒಂದೇ ದಿನದ ವಾಸನೆಗಳು.

ಆ ದಿನ ನನಗೆ ಏಳು ತುಂಬಿ ಎರಡು ತಿಂಗಳಾಗಿತ್ತು. ಅವ್ವ ದೊಡ್ಡ ಜ್ವರದಿಂದ ಎದ್ದಿದ್ದಳು. ನಮ್ಮೂರಿನಲ್ಲಿ ಕಾಯಿಲೆಯಿಂದ ಎದ್ದವರು ಸ್ನಾನ ಮಾಡಿ ಮೂರು ದಿನ ಬಿಳಿ ಸೀರೆಯನ್ನೋ ಬಿಳಿ ಪಂಚೆಯನ್ನೋ ಉಡಬೇಕಿತ್ತು. ನಾಲ್ಕನೆಯ ದಿನ ಅದನ್ನು ಬೇರೆಯಾಗಿ ಉಬ್ಬೆಗೆ ಹಾಕಿ, ಹಳದಿಯನ್ನು ಮರೆಸುವ ನೀಲಿಯಲ್ಲಿ ಅದ್ದದೆ, ಕೆರೆ ದಂಡೆಯ ಸುಣ್ಣದ ಕಟ್ಟೆಯ ಮೇಲೆ ಮೂವರು ಹಿರಿಯರ ಮುಂದೆ ಬಿಡಿಸಬೇಕು. ಬಟ್ಟೆ ಬೆಳ್ಳಗಿದ್ದರೆ ಹಿರಿಯರೇ ಬೆಲ್ಲ ಹಂಚಿ ಕಳಿಸುತ್ತಿದ್ದರು. ಬೆನ್ನೆಲುಬಿನ ಆಚೆಗೊಂದು ಈಚೆಗೊಂದು, ಸೊಂಟದ ಮೇಲೆ ಅಂಗೈ ಅಗಲದ ಎರಡು ಹಳದಿ ಮಚ್ಚೆ ಕಂಡರೆ, "ಜೋಡಿ ಎದ್ದಿದೆ" ಎನ್ನುತ್ತಿದ್ದರು. ಅವ್ವನ ಸೀರೆಯಲ್ಲಿ ಜೋಡಿ ಎದ್ದಿತ್ತು. ಅಂದು ಮಧ್ಯಾಹ್ನ ಅವಳು ತನ್ನ ಪಾತ್ರೆ, ತನ್ನ ಒಲೆ, ಅರ್ಧ ಬೆಂದಿದ್ದ ಹುರುಳಿ ಸಾರಿನ ಮಡಕೆ ಎಲ್ಲವನ್ನೂ ಎತ್ತಿಕೊಂಡು ಅಂಗಳದಾಚೆಯ ಕೋಣೆಗೆ ಹೋದಳು.

ಜೋಡಿಯವರಿಗೆ ಊರು ಕೆಟ್ಟದ್ದೇನನ್ನೂ ಮಾಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅವರು ಯಾರ ಜೊತೆಯಾದರೂ ಕೂತು ಮಾತಾಡಬಹುದು, ಜಗಳ ಕಾಯಬಹುದು, ಮಗಳ ತಲೆ ಬಾಚಿ ಜಡೆ ಹಾಕಬಹುದು. ಅವರು ಬೇಯಿಸಿದ್ದನ್ನು ಮಾತ್ರ ಬೇರೆ ಯಾರೂ ಉಣ್ಣಬಾರದು, ಅವರ ಕೈಯಿಂದ ಯಾರ ಕೈಗೂ, ಯಾರ ಕೈಯಿಂದ ಅವರ ಕೈಗೂ ಅನ್ನ ದಾಟಬಾರದು. ಇಬ್ಬರು ಜೋಡಿಯವರ ನಡುವೆಯೂ ದಾಟಬಾರದು, ಎರಡು ನಾಲ್ಕಾಗುತ್ತದೆ ಎಂಬುದು ಹಿರಿಯರ ಮಾತು. ಅದಕ್ಕೆಂದೇ ಆಚೆ ಕೋಣೆಯ ಕಿಟಕಿಯಲ್ಲಿ ಒಂದು ಹಲಗೆ. ಹಬ್ಬದ ಹೋಳಿಗೆ, ಹೊಸ ಅಕ್ಕಿ, ಮೊದಲ ಮಾವಿನಹಣ್ಣು, ಅವ್ವನಿಗೆ ಕೊಡುವುದೆಲ್ಲವನ್ನೂ ನಾನು ಆ ಹಲಗೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಆಮೇಲೆ ಅವಳು ಬಂದು ಎತ್ತಿಕೊಳ್ಳುತ್ತಿದ್ದಳು. ಅವಳ ಸಾರಿನ ವಾಸನೆ ಅಂಗಳ ದಾಟಿ ನನ್ನ ತನಕ ಬರುತ್ತಿತ್ತು. ಗಾಳಿ ನಮ್ಮ ಕಡೆ ಬೀಸುವುದನ್ನು ಕಾದು ಅವ್ವ ಒಗ್ಗರಣೆ ಹಾಕುತ್ತಿದ್ದಳೆಂದು ನನಗೆ ಹೊಳೆದದ್ದು ನಾನೇ ತಾಯಿಯಾದ ಮೇಲೆ. ಹೀಗೆ ಐವತ್ನಾಲ್ಕು ವರ್ಷ ಆ ಸಾರನ್ನು ನಾನು ಮೂಗಿನಲ್ಲೇ ಉಂಡೆ.

ನಾನು ಓದಿದೆ, ಬಿ.ಎಸ್ಸಿ. ಮುಗಿಸಿದೆ, ಊರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದೆ. ಊರಿಗೆಲ್ಲ ನಾನು ವಾರಿಜಮ್ಮ ಟೀಚರ್. ವಿಜ್ಞಾನದ ಟೀಚರ್ ಆಗಿದ್ದೂ ಜೋಡಿಯ ಬಗ್ಗೆ ಒಂದು ದಿನವೂ ಪ್ರಶ್ನೆ ಕೇಳಿರಲಿಲ್ಲ. ಹುಟ್ಟಿದಂದಿನಿಂದ ಕಂಡದ್ದನ್ನು ಯಾರು ಪ್ರಶ್ನೆ ಎಂದುಕೊಳ್ಳುತ್ತಾರೆ? ಕೆರೆ ಇದೆ, ಕಟ್ಟೆ ಇದೆ, ಜೋಡಿ ಇದೆ. ಆ ಪ್ರಶ್ನೆ ಕೇಳುವಂತೆ ಮಾಡಿದವಳು ನನ್ನ ಸೊಸೆ ಸುಗುಣ.

ಸುಗುಣ ಎರಡನೆಯ ಬಸುರಿ, ಐದು ತಿಂಗಳು. ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದಳು. ಅವಳ ಬಿಳಿ ಸೀರೆಯನ್ನು ಕಟ್ಟೆಯ ಮೇಲೆ ಬಿಡಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹಿರಿಯರಲ್ಲಿ ಮುಖ್ಯರಾದವರು ಅಕ್ಕಿ ಗಿರಣಿಯ ಗುರುಶಾಂತಪ್ಪನವರು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು, ಮತ್ತೊಮ್ಮೆ ನೋಡಿದರು, ಬೆಲ್ಲದ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಆ ಮುಚ್ಚಳದ ಸದ್ದಿಗೆ ಸುಗುಣ ನನ್ನ ತೋಳು ಹಿಡಿದುಕೊಂಡಳು. ಅವಳಿಗೆ ತನ್ನ ಚಿಂತೆ ಇರಲಿಲ್ಲ. ಅವಳ ಮಗಳು ಚಿಟ್ಟಿಗೆ ಆಗ ಮೂರು ವರ್ಷ. ಏಳು ತುಂಬದ ಮಕ್ಕಳಿಗೆ ಹಲಗೆಯ ನಿಯಮ ತಿಳಿಯುವುದಿಲ್ಲ, ಹಸಿದರೆ ಅಮ್ಮನ ತಟ್ಟೆಗೇ ಕೈ ಹಾಕುತ್ತವೆ. ಹಾಗಾಗಿ ಜೋಡಿ ಎದ್ದ ತಾಯಿಯ ಮಗುವನ್ನು ಏಳು ತುಂಬುವವರೆಗೆ ನೆಂಟರ ಮನೆಗೆ ಬಿಡಬೇಕಿತ್ತು.

"ಅಮಾವಾಸ್ಯೆವರೆಗೂ ಟೈಮಿದೆ ವಾರಿಜಮ್ಮಾರೆ," ಎಂದರು ಗುರುಶಾಂತಪ್ಪನವರು. ಅವರ ದನಿಯಲ್ಲಿ ಗಡಸು ಇರಲಿಲ್ಲ. "ಮಗೂನ ಸುಗುಣಮ್ಮನ ಅಕ್ಕನ ಮನೆಗೆ ಬಿಟ್ಟುಬನ್ನಿ. ನಾಲ್ಕು ವರ್ಷ ತಾನೆ, ಕಣ್ಣುಮುಚ್ಚಿ ಬಿಡೋದ್ರಲ್ಲಿ ಕಳೆದುಹೋಗುತ್ತೆ."

ದಾರಿಯಲ್ಲಿ ಸುಗುಣ ಒಂದೇ ಮಾತು ಹೇಳಿದಳು. "ಅತ್ತೆ, ನಾಲ್ಕು ವರ್ಷ ಆದ್ಮೇಲೆ ಅವಳು ನನ್ನ ಗುರುತು ಹಿಡೀತಾಳಾ?"

ನಾನು ಮನೆಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದೆ. ಡಾಕ್ಟರ್ ಜುಲೇಖಾ ನಮ್ಮೂರಿಗೆ ಬಂದು ಎರಡು ವರ್ಷವಾಗಿತ್ತು. ಸುಗುಣಳ ಜ್ವರಕ್ಕೆ ಔಷಧಿ ಕೊಟ್ಟವರೂ ಅವರೇ. ಸ್ಟೂಲಿನ ಮೇಲೆ ಕೂರಿಸಿ, ನಾನು ಕೇಳದೆಯೇ ನೀರು ಕೊಟ್ಟರು. ಜೋಡಿಯ ವಿಷಯ ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು.

"ಟೀಚರ್, ಬಟ್ಟೇಲಿ ಯಾಕೆ ಏಳುತ್ತೆ ಅಂತ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಬಟ್ಟೇಲಿ ಏನೂ ಏಳಲ್ಲ. ಆದರೆ ಮಚ್ಚೆ ಏಳೋ ಜಾಗ ಕಿಡ್ನಿ ಜಾಗ. ಅದರ ಹೆಸರು ನನಗೆ ಗೊತ್ತು. ಪಾಲಿಯೋಮಾ ಅಂತ ವೈರಸ್, ಅದರಲ್ಲಿ ಹಲವು ಬಗೆ ಇವೆ. ಚಿಕ್ಕ ಮಕ್ಕಳಾಗಿದ್ದಾಗಲೇ ಬಂದು ಸೇರಿಕೊಳ್ಳುತ್ತೆ, ಹೆಚ್ಚಿನವರಿಗೆ ಒಂದು ನೆಗಡಿಯಷ್ಟೂ ಗೊತ್ತಾಗಲ್ಲ. ಕಿಡ್ನೀಲಿ ಸುಮ್ಮನೆ ಮಲಗಿರುತ್ತೆ, ಸಾಯೋವರೆಗೂ."

"ಯಾರ ಕಿಡ್ನೀಲಿ?"

"ಎಲ್ಲರ ಕಿಡ್ನೀಲಿ ಅನ್ನಿ. ದೊಡ್ಡವರಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಜನರ ರಕ್ತದಲ್ಲಿ ಅದು ಬಂದುಹೋದ ಗುರುತು ಸಿಗುತ್ತೆ. ಮೈಯ ಶಕ್ತಿ ತಗ್ಗಿದಾಗ ಏಳುತ್ತೆ. ಬಸುರಿಯರಲ್ಲಿ, ವಯಸ್ಸಾದವರಲ್ಲಿ, ದೊಡ್ಡ ಕಾಯಿಲೆ ಬಿದ್ದವರಲ್ಲಿ. ಸುಗುಣನಂಥವರಿಗೆ ಅದರಿಂದ ಏನೂ ಆಗಲ್ಲ, ಹಾಗೇ ಮತ್ತೆ ಮಲಗುತ್ತೆ. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಮಾತ್ರ ನಾವು ಕಣ್ಣಿಟ್ಟು ನೋಡಬೇಕು. ಅವರು ನುಂಗೋ ಮಾತ್ರೆ ಮೈಯ ಕಾವಲನ್ನ ಇಳಿಸಿರುತ್ತೆ, ಇದು ಎದ್ದು ಹೊಸ ಕಿಡ್ನಿ ಹಾಳು ಮಾಡಬಹುದು."

"ಹಾಗಾದ್ರೆ ಊರಲ್ಲಿ ನಲವತ್ತೇ ಜನಕ್ಕೆ ಯಾಕೆ ಎದ್ದಿದೆ?"

ಡಾಕ್ಟರ್ ನನ್ನನ್ನು ನೋಡಿ ನಕ್ಕರು. "ಅದನ್ನ ನೀವೇ ಹೇಳಬೇಕು. ವಿಜ್ಞಾನದ ಟೀಚರ್ ನೀವು. ಚೆನ್ನಾಗಿರೋರ ಬಟ್ಟೇನ ಯಾರಾದ್ರೂ ಬೇರೆ ಉಬ್ಬೆಗೆ ಹಾಕಿ ನೋಡಿದಾರಾ?"

ಮೂವತ್ತನಾಲ್ಕು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಮೇಜಿನ ಮೇಲೆ ಎರಡು ಬೀಕರ್ ಇಟ್ಟು, ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಮಕ್ಕಳೇ, ಪಕ್ಕದ್ದನ್ನೂ ನೋಡಿ ಎಂದು ಹೇಳಿದವಳು ನಾನು. ನಮ್ಮೂರು ನೂರಾರು ವರ್ಷ ಒಂದೇ ಬೀಕರ್ ನೋಡಿತ್ತು. ಕಾಯಿಲೆಯವರ ಬಟ್ಟೆಯನ್ನಷ್ಟೇ ಬಿಡಿಸಿ, ಕಾಯಿಲೆಯವರಲ್ಲಷ್ಟೇ ಕಂಡು, ಅವರಿಗಷ್ಟೇ ಇದೆ ಎಂದುಕೊಂಡಿತ್ತು. ಉಳಿದವರ ಬಟ್ಟೆಗಳೆಲ್ಲ ಪ್ರತಿ ಸೋಮವಾರ ಒಂದೇ ದೊಡ್ಡ ಉಬ್ಬೆಯಲ್ಲಿ ಬೆಂದು, ಅಲ್ಲೇ ಕಲ್ಲಿನ ಮೇಲೆ ಒಗೆಯಿಸಿಕೊಂಡು, ನೀಲಿಯಲ್ಲಿ ಮುಳುಗಿ, ಮಡಿಕೆಯಾಗಿ ಮನೆಗೆ ಬರುತ್ತಿದ್ದವು. ನಡುವೆ ಅವುಗಳನ್ನು ನೋಡುತ್ತಿದ್ದವಳು ಒಬ್ಬಳೇ.

ಅವಳು ದೇವೀರಮ್ಮ. ಊರಿನ ಬಟ್ಟೆ ಒಗೆಯುವ ಕೆಲಸ ಅವಳ ಮನೆತನದ್ದು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೂರು ದಿನ ಬಿಟ್ಟು ನಾನು ಕೆರೆಗೆ ಹೋದಾಗ, ಮೊಣಕಾಲುದ್ದ ನೀರಿನಲ್ಲಿ ನಿಂತು ಒಗೆಯುತ್ತಿದ್ದವಳು ನನ್ನನ್ನು ಕಂಡು ದಂಡೆಗೆ ಬಂದಳು. ನಾನು ಕೇಳುವ ಮೊದಲೇ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವಳು ತಲೆ ಆಡಿಸಿದಳು.

"ಕೇಳ್ಬೇಡಿ ಟೀಚರಮ್ಮ. ನಮ್ಮ ಅತ್ತೆ ನನ್ನ ಕೈಗೆ ಉಬ್ಬೆ ಕೊಡುವಾಗ ನೀರು ಮುಟ್ಟಿಸಿ ಆಣೆ ಮಾಡಿಸ್ಕೊಂಡವ್ರೆ. ಬಟ್ಟೇಲಿ ಕಂಡದ್ದನ್ನ ಬಾಯಿಗೆ ತರೋ ಹಂಗಿಲ್ಲ. ಯಾರ ಹಾಸಿಗೇಲಿ ಏನಿತ್ತು, ಯಾರ ಜೇಬಲ್ಲಿ ಏನಿತ್ತು, ಎಲ್ಲಾ ಹೇಳ್ತಾ ಕೂತ್ರೆ ಈ ಊರಲ್ಲಿ ಒಂದು ಸಂಸಾರನಾದ್ರೂ ಉಳೀತದಾ?"

"ನೀನು ಏನೂ ಹೇಳೋದು ಬೇಡ ದೇವೀರಮ್ಮ. ನಾನು ಮೂರು ದಿನದಿಂದ ಈ ಬಿಳಿ ಸೀರೆ ಉಟ್ಟಿದೀನಿ. ಇದನ್ನ ಬೇರೆ ಉಬ್ಬೆಗೆ ಹಾಕಿಕೊಡು. ನೀಲಿ ಹಾಕಬೇಡ."

"ನೀವು ಕಾಯ್ಲೆ ಬಿದ್ದಿಲ್ವಲ್ಲ?"

"ಬಿದ್ದಿಲ್ಲ. ಅದಕ್ಕೇ."

ಅವಳು ನನ್ನ ಮುಖ ನೋಡಿದಳು. ಕಣ್ಣಿನಲ್ಲಿ ಏನೋ ಹೊಳೆದು ಆರಿತು. ತನ್ನ ಗುಡಿಸಲಿನಿಂದ ಒಗೆದ ಸೀರೆಯೊಂದನ್ನು ತಂದು ನನಗೆ ಉಡಲು ಕೊಟ್ಟು, ನನ್ನದನ್ನು ತೆಗೆದುಕೊಂಡು ಹೋದಳು.

ಶುಕ್ರವಾರ ಸೀರೆ ಬಂತು. ಸೊಂಟದ ಎರಡೂ ಕಡೆ ತೆಳ್ಳಗೆ, ಗಂಧ ತೇದು ಹಚ್ಚಿದ ಹಾಗೆ ಎರಡು ಮಚ್ಚೆ. ಅವನ್ನು ನೋಡಿ ನನಗೆ ಆದದ್ದು ಭಯವಲ್ಲ, ಸಂತೋಷ. ಅರವತ್ತೊಂದು ವರ್ಷ ಎಂದೂ ಗಟ್ಟಿಯಾಗಿ ಕಾಯಿಲೆ ಬೀಳದ ನನಗೂ ಜೋಡಿ ಇದೆ! ಆ ಸೀರೆಯನ್ನೇ ಉಟ್ಟು, ಸೆರಗನ್ನು ಬೆನ್ನ ಮೇಲೆ ಬಿಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಚ್ಚೆ ಎಲ್ಲರಿಗೂ ಕಾಣುವಂತೆ ಪೇಟೆ ಬೀದಿಯಲ್ಲಿ ನಡೆದುಕೊಂಡು ಕಟ್ಟೆಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿಗಳು ಅಂಗಡಿಗಳಿಂದ ಎದ್ದು ನಿಂತರು. ಎಂದಿನಂತೆ ನಮಸ್ಕಾರ ಹೇಳಲು ಎದ್ದವರು, ಹೇಳದೆ ನಿಂತರು.

ಎರಡು ಬೀಕರಿನ ಮಾತು, ಡಾಕ್ಟರ್ ಹೇಳಿದ ಮಾತು, ಎಲ್ಲವನ್ನೂ ನಾನು ಗುರುಶಾಂತಪ್ಪನವರ ಮುಂದೆ ಇಟ್ಟೆ. ಪಾಠ ಮಾಡಿದ ಹಾಗೆಯೇ ಮಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು, "ವಾರಿಜಮ್ಮಾರೆ, ನೀವು ಜೋಡಿಯವಳ ಮಗಳು. ಒಂದೇ ಅಂಗಳದಲ್ಲಿ ಬೆಳೆದೋರು. ನಿಮಗೆ ಎದ್ದಿರದಿದ್ರೇನೇ ಆಶ್ಚರ್ಯ," ಎಂದರು.

ಕೂತವರೆಲ್ಲ ನಕ್ಕರು. ನಾನು ತಂದದ್ದೂ ಒಂದೇ ಬೀಕರ್. ಅದೂ ನನ್ನದೇ.

"ಈಗ ಆ ಮನೇಲಿ ಅಡುಗೆ ಮಾಡೋ ಇಬ್ಬರು ಹೆಂಗಸರಿಗೂ ಎದ್ದಿದೆ," ಎಂದು ಅವರು ಉಳಿದಿಬ್ಬರು ಹಿರಿಯರ ಕಡೆ ತಿರುಗಿದರು. "ಅಮಾವಾಸ್ಯೆವರೆಗೂ ಬೇಡ. ಮಗೂನ ಬುಧವಾರವೇ ಕಳಿಸಿ." ಮತ್ತೆ ನನ್ನತ್ತ ನೋಡಿ, "ಒಂದು ಕೇಳ್ತೀನಿ. ಈ ಯೋಚನೆ ನಿಮ್ಮದೇನಾ? ದೇವೀರಮ್ಮ ಏನಾದ್ರೂ ಬಾಯಿ ಬಿಟ್ಟಳಾ? ಬಿಟ್ಟಿದ್ರೆ ಅವಳ ಮನೆಗೆ ಇನ್ನು ಮೇಲೆ ಊರಿನ ಬಟ್ಟೆ ಇಲ್ಲ," ಎಂದರು.

ದೇವೀರಮ್ಮ ಹತ್ತು ಮಾರು ಆಚೆ ಬಟ್ಟೆ ಜಾಲಿಸುತ್ತಿದ್ದಳು. ಅವಳ ಕೈ ನಿಂತದ್ದು ನನಗೆ ಕಂಡಿತು. "ಅವಳು ಒಂದು ಮಾತೂ ಆಡಿಲ್ಲ," ಎಂದೆ. "ಸೀರೆ ನಾನು ಕೊಟ್ಟೆ, ಉಬ್ಬೆಗೆ ಹಾಕಿದಳು. ತಪ್ಪಿದ್ದರೆ ನನ್ನದು." ಅದು ನಿಜವೇ ಆಗಿತ್ತು. ಆದರೂ ಹೇಳುವಾಗ ನನ್ನ ದನಿ ಗಟ್ಟಿಯಾಗಿಯೇ ಬಂತು, ಅವಳಿಗೆ ಕೇಳಲೆಂದು.

ಮುಂದಿನ ಮೂರು ದಿನ ನಮ್ಮ ಮನೆಯಲ್ಲಿ ನನ್ನ ಮಗ ಉಮಾಪತಿ ಅಡುಗೆ ಮಾಡಿದ. ಅಂಚೆ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತುವ ಕೈ ಅದು. ಅವನ ಉಪ್ಪಿಟ್ಟನ್ನು ಗೋಡೆಗೆ ಬಳಿಯಬಹುದಿತ್ತು. "ಅಮ್ಮ, ನೀನೂ ಸುಮ್ಮನಿರಬಾರದಾ? ಹನ್ನೊಂದು ದಿನ ಇತ್ತು, ಈಗ ಐದಾಯ್ತು," ಎಂದು ಒಮ್ಮೆ ಸಿಡುಕಿದ, ಆಮೇಲೆ ತಾನೇ ಬಂದು ನನ್ನ ತಟ್ಟೆ ತೊಳೆದಿಟ್ಟ. ಚಿಟ್ಟಿ ಎಲ್ಲಕ್ಕಿಂತ ಬೇಗ ಹೊಂದಿಕೊಂಡಳು, ನೋಡಲು ಆಗದ್ದು ಅದೇ. ಅವಳು ತನ್ನ ಗೊಂಬೆಗೆ ಮಣ್ಣಿನ ಅನ್ನ ಕಲಸಿ, ಅದನ್ನು ಒಂದು ಇಟ್ಟಿಗೆಯ ಮೇಲಿಟ್ಟು, "ಹಿಂದೆ ಹೋಗು, ಹಿಂದೆ ಹೋಗು," ಎಂದು ಗೊಂಬೆಗೆ ಹೇಳಿ, ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅದನ್ನು ಕಂಡು ಸುಗುಣ ಬಾಗಿಲ ಹಿಂದೆ ಹೋಗಿ ನಿಂತಳು.

ಭಾನುವಾರ ಸಂಜೆ ನಾನು ಅಂಗಳ ದಾಟಿ ಅವ್ವನ ಹಲಗೆಯ ಹತ್ತಿರ ಕೂತೆ. ಅವ್ವನಿಗೆ ಆಗ ಎಂಬತ್ತೊಂದು. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ.

"ಬಾರೇ ವಾರೀ, ನೀನೂ ನಮ್ಮ ಕಡೆಗೆ ಸೇರಿದೆಯಂತೆ. ಇಲ್ಲಿ ಒಂದು ಚಾಪೆಗೆ ಜಾಗ ಇದೆ," ಎಂದಳು.

ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. "ಅವ್ವ," ಎಂದೆ, "ಇಬ್ಬರಿಗೂ ಎದ್ದದ್ದೇ ಆಯ್ತಲ್ಲ. ಇವತ್ತು ನಿನ್ನ ಕೈಯಾರೆ ಒಂದು ತುತ್ತು ಕೊಟ್ಟುಬಿಡು. ಇಲ್ಲಿ ಯಾರು ನೋಡ್ತಾರೆ?"

ಅವ್ವ ಸೌಟು ಕೆಳಗಿಟ್ಟಳು. "ಐವತ್ನಾಲ್ಕು ವರ್ಷ ತಡಕೊಂಡಿದೀನಿ. ಕಳ್ಳಿ ಥರ ಕೊಡೋಕಾ? ಕೊಡೋ ದಿನ ಬಂದ್ರೆ ಕಿಟಕಿ ಬಾಗಿಲು ಎಲ್ಲಾ ತೆಗೆದು ಕೊಡ್ತೀನಿ. ಬರದಿದ್ರೆ ಇಲ್ಲ. ಹೋಗು, ಮಗು ಹತ್ರ ಮಲಕ್ಕೋ."

ಸೋಮವಾರ ಉಬ್ಬೆಯ ವಾಸನೆ ಎಂದಿನಂತೆ ಬಂತು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬಟ್ಟೆಯ ಮೂಟೆಗಳು ಮನೆ ಮನೆಗೆ ಬರಬೇಕು. ಬರಲಿಲ್ಲ. ಒಂಬತ್ತಾಯಿತು. ಶಾಲೆಗೆ ಹೋಗುವ ಮಕ್ಕಳು ಬಿಳಿ ಅಂಗಿ ಇಲ್ಲದೆ ಬನಿಯನ್ನಿನಲ್ಲಿ ಬೀದಿಗೆ ಇಳಿದರು, ಕಚೇರಿಗೆ ಹೋಗುವವರು ಬೈಯುತ್ತ ಹೊರಟರು, ಎಲ್ಲರೂ ಕೆರೆಯ ಕಡೆ ನಡೆದರು. ಉಮಾಪತಿ ಓಡಿ ಬಂದು, "ಅಮ್ಮ, ನೀನು ಬರಲೇಬೇಕು. ಸುಗುಣನ್ನೂ ಕರಕೊಂಡು ಬಾ," ಎಂದ. ಅವನ ಮುಖದ ತುಂಬ ಎಂಥದೋ ನಗು ಇತ್ತು.

ಕೆರೆ ಏರಿಯ ಮೇಲೆ ಹತ್ತಿದಾಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಕೆರೆಯ ಈ ತುದಿಯಿಂದ ಆ ತುದಿಯವರೆಗೆ ಹಗ್ಗಗಳ ಮೇಲೆ, ಹುಲ್ಲಿನ ಮೇಲೆ, ಬಂಡೆಗಳ ಮೇಲೆ, ಸುಣ್ಣದ ಕಟ್ಟೆಯ ಮೇಲೂ ಊರಿನ ಬಿಳಿ ಬಟ್ಟೆಗಳನ್ನೆಲ್ಲ ಬಿಡಿಸಿ ಹಾಸಿತ್ತು. ಪಂಚೆ, ಅಂಗಿ, ಸೀರೆ, ಬನಿಯನ್, ಶಾಲೆಯ ಸಮವಸ್ತ್ರ. ಒಂದೊಂದರಲ್ಲೂ ಸೊಂಟದ ಭಾಗ ಮೇಲೆ ಬರುವಂತೆ. ಒಂದಕ್ಕೂ ನೀಲಿ ಹಾಕಿರಲಿಲ್ಲ. ಬೆಳಗಿನ ಬಿಸಿಲು ಏರುತ್ತಿದ್ದ ಹಾಗೆ ಅವುಗಳ ಮೇಲೆ ಹಳದಿ ಮಚ್ಚೆಗಳು ಎದ್ದು ಕಾಣುತ್ತಿದ್ದವು. ಎರಡೆರಡು, ಎರಡೆರಡು, ಕಣ್ಣು ಹೋದಷ್ಟು ದೂರ ಎರಡೆರಡು. ದೊಡ್ಡವರದ್ದು ಅಂಗೈ ಅಗಲ, ಶಾಲೆಯ ಮಕ್ಕಳದ್ದು ಹುಣಸೆಬೀಜದಷ್ಟು. ಪ್ರತಿ ಬಟ್ಟೆಯ ಮೂಲೆಯಲ್ಲಿ ಮನೆಮನೆಗೆ ಬೇರೆ ಬೇರೆಯಾಗಿ ಇಟ್ಟ ಕಪ್ಪು ಗುರುತು. ಮೂರು ಚುಕ್ಕೆ ಯಾರದ್ದು, ಅಡ್ಡಗೆರೆ ಯಾರದ್ದು ಎಂದು ಹಸುಗೂಸು ಬಿಟ್ಟು ಊರಿಗೆಲ್ಲ ಗೊತ್ತು.

ಎಲ್ಲರೂ ತಮ್ಮ ತಮ್ಮ ಗುರುತು ಹುಡುಕುತ್ತ ಬಟ್ಟೆಗಳ ನಡುವೆ ಬಗ್ಗಿ ಬಗ್ಗಿ ನಡೆದರು. ಹುಡುಕಿದವರು ಅಲ್ಲೇ ನಿಂತರು, ಕೈಗಳು ತಾವಾಗಿ ಬೆನ್ನ ಹಿಂದೆ ಹೋಗಿ ಸೊಂಟ ಮುಟ್ಟಿಕೊಂಡವು. ಮೊದಲು ಬಾಯಿ ಬಿಟ್ಟವರು ಮಕ್ಕಳು. "ಹೆಡ್‌ಮಾಸ್ಟರದ್ದು ನಮ್ಮೆಲ್ಲರಿಗಿಂತ ದೊಡ್ಡದು ಕಣ್ರೋ!" ಎಂದು ಒಬ್ಬಳು ಕೂಗಿದ್ದೇ ತಡ, ಏರಿಯ ಮೇಲೆ ನಗು ಉಕ್ಕಿತು. ಡಾಕ್ಟರ್ ಜುಲೇಖಾ ಅವರ ಬಿಳಿ ಕೋಟು ಹಗ್ಗದ ಮೇಲಿತ್ತು, ಅದರಲ್ಲೂ ಎರಡು. ಅವರು ಅದನ್ನು ತೆಗೆದು ಅಲ್ಲೇ ಹಾಕಿಕೊಂಡರು. "ನಿಮ್ಮೂರಿನ ನೀರು ಕುಡಿದ ಮೇಲೆ ನನ್ನದೂ ಬಟ್ಟೇಲಿ ಏಳೋಕೆ ಕಲಿತಿದೆ ಟೀಚರ್," ಎಂದರು. ಹತ್ತರಲ್ಲಿ ಒಂದೋ ಎರಡೋ ಬಟ್ಟೆ ಮಾತ್ರ ಬೆಳ್ಳಗಿದ್ದವು. ಆಸ್ಪತ್ರೆಯ ಕಾಂಪೌಂಡರ್ ತನ್ನ ಬೆಳ್ಳನೆಯ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗೊಬ್ಬನಿಗೆ ಯಾಕಿಲ್ಲ?" ಎಂದು ಪೆಚ್ಚಾಗಿ ನಿಂತಿದ್ದ.

ಗುರುಶಾಂತಪ್ಪನವರ ಪಂಚೆ ಕಟ್ಟೆಯ ನಟ್ಟನಡುವೆ ಇತ್ತು. ವೃತ್ತದೊಳಗೆ ಮೂರು ಚುಕ್ಕೆ ಅವರ ಗುರುತು. ಅವರು ಅದನ್ನು ನೋಡಿ, "ದೇವೀರಮ್ಮ!" ಎಂದು ಕೂಗಿದರು.

ದೇವೀರಮ್ಮ ನೀರಿನಿಂದ ಮೇಲೆ ಬಂದಳು. "ನಾನೇನ್ ಮಾಡ್ಲಿ ಅಪ್ಪೋರೆ, ನೀಲಿ ಮುಗ್ದೋಗಿತ್ತು. ಅಂಗಡೀಲೂ ಇರ್ಲಿಲ್ಲ. ಬಿಸಿಲಿಗೆ ಹಾಕಿದ್ರೆ ಬೆಳ್ಳಗಾದಾವು ಅಂತ ಬಿಡಿಸ್ದೆ. ನಾನೇನಾದ್ರೂ ಒಂದು ಮಾತು ಆಡಿದ್ನಾ? ಯಾರಾದ್ರೂ ಕೇಳಿಸ್ಕೊಂಡ್ರಾ?" ಎಂದು ಸುತ್ತ ನೋಡಿದಳು. ಅಂಗಡಿಯವನು ಅಲ್ಲೇ ಇದ್ದ. ಅವನ ಅಂಗಡಿಯಲ್ಲಿ ನೀಲಿಯ ಡಬ್ಬಿ ಗೋಪುರದ ಹಾಗೆ ಜೋಡಿಸಿತ್ತೆಂದು ಎಲ್ಲರಿಗೂ ಗೊತ್ತು. ಅವನು ತನ್ನ ಅಂಗಿಯ ಮಚ್ಚೆಯನ್ನೊಮ್ಮೆ ನೋಡಿಕೊಂಡು, "ಹೌದು ಯಜಮಾನ್ರೆ, ಸ್ಟಾಕ್ ಇರಲಿಲ್ಲ," ಎಂದ.

ಇನ್ನೊಬ್ಬ ಹಿರಿಯರು ಸೋಲಲು ಸಿದ್ಧರಿರಲಿಲ್ಲ. "ಎಲ್ಲಾ ಒಂದೇ ಉಬ್ಬೇಲಿ ಬೆಂದಿದೆ. ಯಾರದೋ ಒಬ್ಬರ ಬಣ್ಣ ಎಲ್ಲರದಕ್ಕೂ ಹತ್ತಿದೆ, ಅಷ್ಟೆ," ಎಂದರು. ಜನ ತಮ್ಮ ಬಟ್ಟೆಗಳನ್ನು ಮತ್ತೆ ಬಗ್ಗಿ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದಿನಿಂದ ಸುಗುಣ ಮುಂದೆ ಬಂದಳು. ಅತ್ತೆಯ ಮುಂದೆಯೂ ಗಟ್ಟಿಯಾಗಿ ಮಾತಾಡದ ಹುಡುಗಿ ಅವಳು. ಅವಳ ಕೈಯಲ್ಲಿ ಹಗ್ಗದಿಂದ ತೆಗೆದ ಒಂದು ಪುಟ್ಟ ಜಬಲ ಇತ್ತು, ಯಾರದೋ ಮೂರು ತಿಂಗಳ ಕೂಸಿನದು.

"ತೊಟ್ಟಿಲ ಕೂಸುಗಳ ಬಟ್ಟೆನೂ ಅದೇ ಉಬ್ಬೇಲೇ ಬೆಂದದ್ದು ಅಲ್ವಾ ದೊಡ್ಡಪ್ಪ?" ಎಂದಳು. "ಇದಕ್ಕೆ ಯಾಕೆ ಹತ್ತಿಲ್ಲ? ಹತ್ತಿರೋದೆಲ್ಲ ಸೊಂಟಕ್ಕೇ ಹುಡುಕ್ಕೊಂಡು ಹೋಗಿ ಹೇಗೆ ಹತ್ತಿತು?" ಅವಳು ಜಬಲವನ್ನು ಎತ್ತಿ ಹಿಡಿದಳು. ಬಿಸಿಲಿನಲ್ಲಿ ಅದು ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. "ಹುಟ್ಟುವಾಗ ಇಲ್ಲ. ಆಡ್ತಾ ಆಡ್ತಾ ಎಲ್ಲರಿಗೂ ಬರುತ್ತೆ. ನನಗೆ ಜ್ವರ ಬಂತು, ಅದಕ್ಕೆ ನೀವು ನನ್ನದು ನೋಡಿದ್ರಿ."

ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಮೂವತ್ತನಾಲ್ಕು ವರ್ಷದಲ್ಲಿ ಮಾಡಿರಲಿಲ್ಲ.

ಗುರುಶಾಂತಪ್ಪನವರು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ಹಿರಿಯ ಮಗಳು ಹನ್ನೆರಡು ವರ್ಷದಿಂದ ಆಚೆ ಕೋಣೆಯಲ್ಲಿದ್ದಳು. ಅವಳ ಸೀರೆಯನ್ನು ಬಿಡಿಸಿ ನೋಡಿ ಬೆಲ್ಲದ ಡಬ್ಬಿ ಮುಚ್ಚಿದ್ದವರೂ ಇವರೇ. "ಹಾಗಾದ್ರೆ ನನ್ನ ಮಗಳು..." ಎಂದರು. ಪಂಚೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡರು, ಮಚ್ಚೆ ಮೇಲೆ ಕಾಣುವಂತೆ. ಬೆಲ್ಲದ ಡಬ್ಬಿ ತರಿಸಿದರು. ಬೆಳ್ಳಗಿನ ಬಟ್ಟೆಯವರಿಗಷ್ಟೇ ಎಂದಿದ್ದ ಬೆಲ್ಲ ಅದು. ಮೊದಲ ಅಚ್ಚನ್ನು ಸುಗುಣಳ ಅಂಗೈಗೆ ತಾವೇ ಇಟ್ಟರು.

"ಮಗೀಗೆ ನಿನ್ನ ಕೈಯಿಂದಲೇ ಕೊಡವ್ವ," ಎಂದರು. "ನಾನೂ ಮನೆಗೆ ಹೋಗಬೇಕು. ನನಗೂ ಕೊಡೋದಿದೆ."

ಚಿಟ್ಟಿ ಬೆಲ್ಲಕ್ಕೆ ಕೈ ಚಾಚಲಿಲ್ಲ. ಇಷ್ಟು ದಿನದಲ್ಲಿ ಕಲಿತದ್ದನ್ನು ನೆನಪಿಟ್ಟುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಸುಗುಣ ಅವಳ ಹಿಂದೆ ಹೋದಳು. ಮಗು ಮತ್ತೆ ಸರಿಯಿತು, ಇವಳು ಮತ್ತೆ ಹೋದಳು. ಕೊನೆಗೆ ಹಿಡಿದೆತ್ತಿ, ಬೆಲ್ಲವನ್ನು ಬಾಯಿಗೇ ತುರುಕಿದಾಗ ಕೆರೆ ಏರಿಯ ಮೇಲಿದ್ದ ಊರೆಲ್ಲ ಹೋ ಎಂದಿತು. ಯಾರೋ ತಮಟೆ ತಂದರು. ತಮ್ಮ ತಮ್ಮ ಮಚ್ಚೆಯ ಬಟ್ಟೆಗಳನ್ನು ಮತ್ತೆ ಒಗೆಯದೆ, ನೀಲಿ ಹಾಕದೆ ಹಾಗೇ ತೊಟ್ಟುಕೊಂಡು ಜನ ಊರೊಳಗೆ ನಡೆದರು. ನಲವತ್ತು ಆಚೆ ಕೋಣೆಗಳ ಬಾಗಿಲುಗಳನ್ನು ತಟ್ಟುತ್ತ ಹೋದರು. ದೇವೀರಮ್ಮ ಎಲ್ಲರಿಗಿಂತ ಹಿಂದೆ, ತನ್ನ ಖಾಲಿ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು. ನಾನು ಅವಳ ಜೊತೆಗೆ ನಡೆದೆ.

"ಆಣೆ ಮುರಿಯಲಿಲ್ಲ ನೋಡು ನೀನು," ಎಂದೆ.

"ಎಲ್ಲಿ ಮುರಿದೆ?" ಎಂದಳು. ಒಂದಷ್ಟು ದೂರ ನಡೆದ ಮೇಲೆ ಮೆಲ್ಲಗೆ, "ನಲವತ್ತು ವರ್ಷ ಟೀಚರಮ್ಮ. ಪ್ರತಿ ಸೋಮವಾರ ಎಲ್ಲರದ್ದೂ ಕಂಡಿದೀನಿ. ನೀವು ಕಟ್ಟೆ ಮುಂದೆ ನನ್ನ ಹೆಸರು ಹೇಳಿಬಿಟ್ಟಿದ್ರೆ ನಾನು ಕೋಪ ಮಾಡ್ಕೊಂಡು ಸುಮ್ಮನಾಗಿಬಿಡ್ತಿದ್ದೆ," ಎಂದಳು.

ಈಗ ನಮ್ಮೂರಿನಲ್ಲಿ ಹಲಗೆಗಳಿಲ್ಲ. ಅವನ್ನೆಲ್ಲ ಕಿತ್ತು ಶಾಲೆಗೆ ಊಟದ ಬೆಂಚು ಮಾಡಿಸಿದರು. ಬೇರೆ ಉಬ್ಬೆ ಮಾತ್ರ ಇನ್ನೂ ಇದೆ. ಬಸುರಿಯರ ಬಟ್ಟೆ, ಮುದುಕರ ಬಟ್ಟೆ, ಪೇಟೆ ಬೀದಿಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ದರ್ಜಿಯೊಬ್ಬರಿದ್ದಾರೆ, ಅವರ ಬಟ್ಟೆ ತಿಂಗಳಿಗೊಮ್ಮೆ ಬೇರೆಯಾಗಿ ಬೇಯುತ್ತದೆ. ಅದು ಹೋಗುವುದು ಕಟ್ಟೆಗಲ್ಲ, ಆಸ್ಪತ್ರೆಗೆ. ಮಚ್ಚೆಯ ಬಣ್ಣ ಗಾಢವಾಗಿದ್ದರೆ ಡಾಕ್ಟರ್ ರಕ್ತ ಪರೀಕ್ಷೆ ಮಾಡಿ ಮಾತ್ರೆಯ ಪ್ರಮಾಣ ನೋಡುತ್ತಾರೆ. ದೇವೀರಮ್ಮ ಆ ಬಟ್ಟೆಗಳನ್ನು ಮಾತಿಲ್ಲದೆ ಅವರ ಮೇಜಿನ ಮೇಲಿಟ್ಟು ಬರುತ್ತಿದ್ದಳು. ಈಗ ಅವಳ ಸೊಸೆ ಇಟ್ಟು ಬರುತ್ತಾಳೆ.

ಆ ಮಂಗಳವಾರ ನಾನು ಮನೆ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ತಮಟೆಯ ಸದ್ದು ಇನ್ನೂ ಬೀದಿಯಲ್ಲಿತ್ತು. ಸುಗುಣ ಜಗಲಿಯ ಮೇಲೆ ಚಿಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ಕಲಸುತ್ತಿದ್ದಳು. ಅಂಗಳದಾಚೆ ಅವ್ವನ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು, ಕಿಟಕಿಯೂ ತೆರೆದಿತ್ತು. ಹುರುಳಿ ಸಾರಿನ ಒಗ್ಗರಣೆ ಚಟಪಟ ಎಂದಿತು. ಗಾಳಿ ಆ ದಿನ ನಮ್ಮ ಕಡೆ ಬೀಸುತ್ತಲೇ ಇರಲಿಲ್ಲ.

ಅವ್ವ ತಟ್ಟೆ ಹಿಡಿದು ಹೊರಗೆ ಬಂದಳು. ಬಿಸಿ ಮುದ್ದೆ, ಮಧ್ಯೆ ಗುಳಿ ಮಾಡಿ ಸಾರು, ಅಂಚಿಗೆ ಒಂದು ಈರುಳ್ಳಿ ಹೋಳು. ಅಭ್ಯಾಸಬಲದಿಂದ ಹಲಗೆಯ ಹತ್ತಿರ ನಿಂತಳು, ತಟ್ಟೆಯನ್ನು ಅದರ ತನಕ ತಗ್ಗಿಸಿದಳು ಕೂಡ. ಆಮೇಲೆ ಮೇಲೆತ್ತಿದಳು. ನಾನು ಹಿಂದೆ ಸರಿಯಲಿಲ್ಲ. ಎರಡೂ ಕೈಗಳಿಂದ ಅವಳು ತಟ್ಟೆಯನ್ನು ಮುಂದೆ ಚಾಚಿದಳು. ನಾನು ತೆಗೆದುಕೊಂಡೆ. ತಟ್ಟೆಯ ಅಡಿಯಲ್ಲಿ ಅವಳ ಬೆರಳುಗಳು ನನ್ನ ಬೆರಳುಗಳಿಗೆ ತಾಗಿದವು. ಆದರೂ ಅವಳು ತಟ್ಟೆಯನ್ನು ಪೂರ್ತಿ ಬಿಡದೆ ಹಿಡಿದೇ ನಿಂತಿದ್ದಳು, ನಾನು ಮೊದಲ ತುತ್ತು ಮುರಿಯುವವರೆಗೂ.